ನೆತ್ತಿನಾಳ: ಒಂದು ಶಾಸ್ತ್ರೀಯ ವಿವೇಚನೆ

ಮನುಷ್ಯನ ಗಂಟಲಿನಿಂದ ನೆತ್ತಿಯವರೆಗೆ ಒಂದು ನಾಳವಿದೆ. ವೈದ್ಯಕೀಯ ಪಠ್ಯಗಳು ಈ ವಿಷಯದಲ್ಲಿ ತುಟಿಪಿಟಕ್ಕೆನ್ನದಿದ್ದರೂ ಊಟದ ಪಂಕ್ತಿಯೇ ಇದಕ್ಕೆ ಪ್ರಮಾಣ. ಸಾರನ್ನ ಉಣ್ಣುತ್ತಿದ್ದವರು ನಡುವೆ ಮಾತಿಗೆ ಬಾಯಿ ತೆರೆದರೋ, ಕೆಮ್ಮು ಒತ್ತರಿಸಿ ಬರುತ್ತದೆ. ಕಣ್ಣಲ್ಲಿ ನೀರು, ಮೂಗಿನಲ್ಲಿ ಮೆಣಸಿನ ಘಾಟು. ಆಗ ಅಜ್ಜಿ ತಟ್ಟುವುದು ನೆತ್ತಿಯನ್ನು. “ನೆತ್ತಿಗೆ ಹತ್ತಿತು, ಯಾರೋ ನೆನೆಸ್ಕೊಂಡ್ರು ನಿನ್ನ” ಎನ್ನುತ್ತಾರೆ. ಒಂದೇ ಉಸಿರಿಗೆ ಅಂಗರಚನೆಯೂ ಮುಗಿಯಿತು, ರೋಗನಿದಾನವೂ ಮುಗಿಯಿತು. ತಟ್ಟಿದ ಮೇಲೆ ಕೆಮ್ಮು ನಿಲ್ಲುತ್ತದೆ. ತಟ್ಟದಿದ್ದರೂ ನಿಲ್ಲುತ್ತಿತ್ತೇ ಎಂದು ಪಂಕ್ತಿಯಲ್ಲಿ ಕೇಳುವುದು ಅಧಿಕಪ್ರಸಂಗ.

ಪೂರ್ವಪಕ್ಷ ಹೀಗಿದೆ: ನುಂಗುವಾಗ ಧ್ವನಿಪೆಟ್ಟಿಗೆ ಮೇಲೇರುತ್ತದೆ, ಎಪಿಗ್ಲಾಟಿಸ್ ಎಂಬ ಮುಚ್ಚಳ ಅದರ ಬಾಯಿಯ ಮೇಲೆ ಬಾಗುತ್ತದೆ. ಮಾತೋ ನಗುವೋ ಅಡ್ಡ ಬಂದರೆ ಅಗುಳು ಉಸಿರಿನ ದಾರಿ ಹಿಡಿಯುತ್ತದೆ, ಕೆಮ್ಮೇ ಅದನ್ನು ಹೊರದಬ್ಬುತ್ತದೆ. ಈ ವಾದದಲ್ಲಿ ಅಜ್ಜಿಗೆ ಕೆಲಸವೇ ಇಲ್ಲ, ಆದಕಾರಣ ತ್ಯಾಜ್ಯ.

ನಾಳ ಕಣ್ಣಿಗೆ ಕಾಣದು ಎಂಬ ಆಕ್ಷೇಪವೇನೂ ಹೊಸದಲ್ಲ. ಹೃದಯದ ನಡುಗೋಡೆಯಲ್ಲಿ ಕಾಣದ ರಂಧ್ರಗಳಿವೆ, ಅವುಗಳ ಮೂಲಕ ರಕ್ತ ಬಲದಿಂದ ಎಡಕ್ಕೆ ಜಿನುಗುತ್ತದೆ ಎಂದು ರೋಮಿನಲ್ಲಿದ್ದ ಗೇಲನ್ ಬರೆದ. ಅವನು ಕೊಯ್ದು ನೋಡಿದ್ದು ಮಂಗ, ಹಂದಿಗಳನ್ನು. ಆದರೂ ಮಾತು ಸಾವಿರ ವರ್ಷಕ್ಕೂ ಮಿಕ್ಕಿ ನಡೆಯಿತು. ವೆಸಾಲಿಯಸ್ ಮನುಷ್ಯರ ಹೆಣಗಳನ್ನೇ ಕೊಯ್ದು ನೋಡಿ, 1543ರಲ್ಲಿ ತಂದ ಗ್ರಂಥದಲ್ಲಿ ಗೇಲನ್ನನ ತಪ್ಪುಗಳನ್ನು ತೋರಿಸಿದ. ಪ್ಯಾರಿಸಿನಲ್ಲಿ ಅವನಿಗೆ ಪಾಠ ಹೇಳಿದ್ದ ಸಿಲ್ವಿಯಸ್ ಜಗ್ಗಲಿಲ್ಲ. ಗೇಲನ್ ಹೇಳಿದ್ದು ಸರಿ, ಅಲ್ಲಿಂದೀಚೆಗೆ ಮನುಷ್ಯನ ದೇಹವೇ ಬದಲಾಗಿದೆ ಎಂದ! ಸಂಶೋಧನೆ ಎಂದರೆ ಇದು. ಪ್ರಸ್ತುತ ಲೇಖಕನು ಈ ವಿಧಾನವನ್ನು ಶಿರಸಾವಹಿಸಿದ್ದಾನೆ.

ನೆತ್ತಿನಾಳಕ್ಕೆ ಒಂದು ಕವಲಿದೆ: ಗ್ಯಾಸ್ ಮಾರ್ಗ. ಹೊಟ್ಟೆಯಲ್ಲಿ ಹುಟ್ಟಿದ ಗ್ಯಾಸು ಬೆನ್ನಿಗೆ ಹೊಡೆದು, ಭುಜ ಹಿಡಿದು, ಎಡಗೈಗೆ ಇಳಿಯುತ್ತದೆ. ಹೊಟ್ಟೆಯಿಂದ ಕೈಗೆ ಗಾಳಿ ಹೋಗಲು ದಾರಿಯೇ ಇಲ್ಲ, ಹೃದಯದ ನರಗಳೂ ಎಡಗೈಯ ನರಗಳೂ ಬೆನ್ನುಹುರಿಯಲ್ಲಿ ಅಕ್ಕಪಕ್ಕ ಸೇರುವುದರಿಂದ ಹೃದಯದ ನೋವನ್ನು ಮಿದುಳು ಕೈಯ ನೋವೆಂದು ಬಗೆಯುತ್ತದೆ ಎಂಬುದು ಡಾಕ್ಟರುಗಳ ಅಂಬೋಣ. ಅವರು ಇ.ಸಿ.ಜಿ. ಕೇಳುತ್ತಾರೆ; ನಾವು ಸೋಡಾ ಕೊಡುತ್ತೇವೆ. ತೇಗು ಬಂದರೆ ಗ್ಯಾಸೆಂದು ಸಿದ್ಧವಾಯಿತು. ಬಾರದಿದ್ದರೆ ಗ್ಯಾಸು ಗಟ್ಟಿಯಾಗಿ ಕೂತಿದೆಯೆಂದು ಸಿದ್ಧವಾಯಿತು, ಇನ್ನೊಂದು ಸೋಡಾ. ಮೂರನೆಯದರ ಹೊತ್ತಿಗೆ ಬೆವರು ಇಳಿಯತೊಡಗಿ ಮನೆಯವರು ಆಟೋಗೆ ಓಡುತ್ತಾರೆ. ಆ ಹಂತ ಈ ಪ್ರಬಂಧದ ವ್ಯಾಪ್ತಿಗೆ ಸೇರಿದ್ದಲ್ಲ.