ಕಾಣದ ದೀಪ ಕಟ್ಟುವವರಿಗೆ ಒಂದು ಕಾಣುವ ಪತ್ರ

ಇವರಿಗೆ,
ಕ್ಯಾಮೆರಾ ಕಂಬಕ್ಕೆ ದೀಪ ಅಳವಡಿಸುವ ಗುತ್ತಿಗೆ ಹಿಡಿದಿರುವ ಮಾನ್ಯರು,
ರಾಷ್ಟ್ರೀಯ ಹೆದ್ದಾರಿ 48ರ ಆಸುಪಾಸು.

ಮಾನ್ಯರೇ,

ತಮ್ಮ ಕೆಲಸ ಮೆಚ್ಚಿ ಬರೆಯುತ್ತಿರುವ ಪತ್ರ ಇದು. ಕತ್ತಲಲ್ಲಿ ಓಡುವ ಗಾಡಿಯ ನಂಬರ್ ಪ್ಲೇಟಿಗೆ ಕ್ಷಣಮಾತ್ರ ಬೆಳಕು ಹೊಡೆದು ಫೋಟೋ ತೆಗೆಸುವ ಮಿಂಚುದೀಪವನ್ನು ಕಂಬಕ್ಕೇರಿಸುವುದು ಎಷ್ಟು ನಾಜೂಕಿನ ಕೆಲಸ ಎಂದು ದೀಪ ಮಾಡಿದ ಕಂಪನಿಯವರು ಪುಟಗಟ್ಟಲೆ ಬರೆದು ಪೆಟ್ಟಿಗೆಯಲ್ಲಿ ಇಟ್ಟಿರುತ್ತಾರೆ. ಆ ಪುಸ್ತಕದ ಪ್ಲಾಸ್ಟಿಕ್ ಕವರನ್ನೂ ಹರಿಯದೆ ತಾವು ಅದೇ ಕೆಲಸವನ್ನು ಅರ್ಧ ಗಂಟೆಯಲ್ಲಿ ಮುಗಿಸುತ್ತೀರಿ. ನಾನು ಶಿರಾ ತಾಲ್ಲೂಕಿನ ಗೌಡಗೆರೆ ಸೀಮೆಯಲ್ಲಿ ಸುಟ್ಟುಹೋದ ಮೋಟಾರು ಬಿಚ್ಚಿ ಮತ್ತೆ ಕಾಯಿಲ್ ಸುತ್ತಿಕೊಡುವವನು. ಇನ್ನೊಬ್ಬರ ವೈರಿಂಗಿನ ಕೃಪೆಯಿಂದಲೇ ನನ್ನ ಮನೆ ಒಲೆ ಉರಿಯುವುದು. ಹಾಗಾಗಿ ತಮ್ಮಂಥವರನ್ನು ಕಂಡರೆ ನನಗೆ ಗೌರವ ಒಂದು ಹಿಡಿ ಜಾಸ್ತಿಯೇ.

ಕ್ಯಾಮೆರಾನೇ ಬೇಡ ಅನ್ನುವವರ ಗುಂಪಿಗೆ ಮಾತ್ರ ನನ್ನನ್ನು ಸೇರಿಸಬೇಡಿ. 2022ರ ಆಗಸ್ಟ್ 25ರ ನಸುಕಿನಲ್ಲಿ ಕಳ್ಳಂಬೆಳ್ಳದ ಹತ್ತಿರ ಇದೇ ಹೆದ್ದಾರಿಯಲ್ಲಿ ಕ್ರೂಸರ್‌ಗೂ ಲಾರಿಗೂ ಡಿಕ್ಕಿಯಾಗಿ, ರಾಯಚೂರು ಕಡೆಯಿಂದ ಕೂಲಿಗೆಂದು ಹೊರಟಿದ್ದ ಒಂಬತ್ತು ಜನ ಸತ್ತರು. ಆ ರಸ್ತೆಯ ಕತ್ತಲು ಎಂಥದ್ದು ಅಂತ ನಮಗೆ ಗೊತ್ತು. 2021ರ ಆಗಸ್ಟ್‌ನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 167ಎ ಎಂಬುದೊಂದು ಸೇರಿತು. ಅಪಾಯದ ಜಾಗಗಳಲ್ಲಿ ಕ್ಯಾಮೆರಾ ಇರಬೇಕು, ಇದೆ ಎಂದು ಮೊದಲೇ ಫಲಕ ಹಾಕಿ ತಿಳಿಸಬೇಕು, ತಪ್ಪು ಮಾಡಿದವನಿಗೆ 15 ದಿನದೊಳಗೆ ನೋಟಿಸ್ ಹೋಗಬೇಕು, ಯಂತ್ರದ ಪ್ರಮಾಣಪತ್ರವನ್ನು ವರ್ಷ ವರ್ಷ ನವೀಕರಿಸಬೇಕು ಅಂತೆಲ್ಲ ಅದರಲ್ಲಿದೆ. ಬಹಳ ಒಳ್ಳೇದು. ಕ್ಯಾಮೆರಾ ಸುಳ್ಳು ಹೇಳುತ್ತಿದೆಯೇ ಅಂತ ವರ್ಷಕ್ಕೊಮ್ಮೆ ಪರೀಕ್ಷೆ ಆಗುತ್ತದೆ. ಕ್ಯಾಮೆರಾ ಕಂಬ ಕರೆಂಟು ಹೊಡೆಯುತ್ತಿದೆಯೇ ಅಂತ ಪರೀಕ್ಷಿಸುವ ಹೊಣೆಯನ್ನು ತಾವು ಊರಿನ ಎಮ್ಮೆಗಳಿಗೆ ವಹಿಸಿದ್ದೀರಿ.

ದೀಪ ಹತ್ತಿತೇ ಅಂತ ತಿಳಿಯುವ ತಮ್ಮ ಪರೀಕ್ಷಾ ಕ್ರಮವನ್ನೂ ಕಣ್ಣಾರೆ ನೋಡುವ ಭಾಗ್ಯ ನನಗೆ ಸಿಕ್ಕಿತ್ತು. ಏಣಿ ಮೇಲೆ ಒಬ್ಬ ಹುಡುಗ, ಕಾಲಲ್ಲಿ ಹವಾಯಿ ಚಪ್ಪಲಿ. ಕೆಳಗೆ ಮೇಸ್ತ್ರಿ.

‘ಹತ್ತಿತೇನ್ಲಾ?’

‘ಏನೂ ಕಾಣ್ತಿಲ್ಲ ಕಣಣ್ಣ.’

‘ಸರ್ಯಾಗ್ ನೋಡ್ಲಾ. ಹತ್ರಕ್ಕೋಗಿ ಬಗ್ಗಿ ನೋಡು.’

ಹುಡುಗ ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಹೋದ. ಒಂದು ಕಣ್ಣು ಮುಚ್ಚಿ ಇನ್ನೊಂದು ಕಣ್ಣಲ್ಲಿ ನೋಡಿದ. ಆಮೇಲೆ ಕಣ್ಣು ಬದಲಾಯಿಸಿದ. ಕಾಣದಿದ್ದರೂ ಅಲ್ಲಿ ದೀಪ ಉರಿಯುತ್ತಲೇ ಇತ್ತು, ಸ್ವಾಮಿ. ಅದು ಇನ್‌ಫ್ರಾರೆಡ್. 850 ನ್ಯಾನೋಮೀಟರಿನದಾದರೆ ಮಂಕಾಗಿ ಒಂದಿಷ್ಟು ಕೆಂಪು ಕಾಣುತ್ತದೆ, 940ರದಾದರೆ ಅದೂ ಇಲ್ಲ. ಸೂರ್ಯನನ್ನೋ ಲಾರಿಯ ಹೆಡ್‌ಲೈಟನ್ನೋ ನೋಡಿದರೆ ರೆಪ್ಪೆ ತಾನಾಗಿ ಮುಚ್ಚುತ್ತದೆ, ಪಾಪೆ ಕಿರಿದಾಗುತ್ತದೆ. ಈ ಬೆಳಕು ಕಣ್ಣಿಗೆ ಹೆಚ್ಚುಕಮ್ಮಿ ಕಾಣುವುದೇ ಇಲ್ಲವಾದ್ದರಿಂದ ಕಣ್ಣು ಬಾಗಿಲು ಹಾಕಿಕೊಳ್ಳುವುದಿಲ್ಲ. ಕತ್ತಲೆಂದು ಪಾಪೆ ಅಗಲವಾಗಿಯೇ ಇರುತ್ತದೆ, ಬೆಳಕು ನೇರವಾಗಿ ಹಿಂದಿನ ಅಕ್ಷಿಪಟಲದವರೆಗೂ ಹೋಗಿ ಬೀಳುತ್ತದೆ. ಇನ್‌ಫ್ರಾರೆಡ್ ಸೂಸುವ ಕುಲುಮೆ ಮುಂದೆ ವರ್ಷಗಟ್ಟಲೆ ಕೂತು ಗಾಜು ಊದುತ್ತಿದ್ದವರ ಕಣ್ಣಿಗೆ ಪೊರೆ ಬರುತ್ತಿದ್ದುದು ವೈದ್ಯರಿಗೆ ತಿಳಿದ ಹಳೇ ಸಂಗತಿ. ಇಂಥ ದೀಪಗಳಿಂದ ಕಣ್ಣಿಗೆ ಎಷ್ಟು ಅಪಾಯ ಎಂದು ಅಳೆಯಲು ಐಇಸಿ 62471 ಅಂತ ಒಂದು ಅಂತರರಾಷ್ಟ್ರೀಯ ಮಾನದಂಡವೇ ಇದೆ. ಉರಿಯುವಾಗ ಇಷ್ಟು ದೂರಕ್ಕಿಂತ ಹತ್ತಿರದಿಂದ ದಿಟ್ಟಿಸಬೇಡಿ ಅಂತ ಕಂಪನಿಯವರು ಬರೆದಿರುವುದು ಅದನ್ನು ಲೆಕ್ಕ ಹಾಕಿಯೇ. ದೀಪ ಹತ್ತಿದೆಯಾ ಅಂತ ತಿಳಿಯಬೇಕಾದರೆ ಕೆಳಗೇ ನಿಂತು ಮೊಬೈಲಿನ ಮುಂದಿನ ಕ್ಯಾಮೆರಾ ತೆರೆದು ಹಿಡಿಯಿರಿ, ಬಹಳಷ್ಟು ಫೋನುಗಳಲ್ಲಿ ನೇರಳೆ ಬಿಳುಪಾಗಿ ಮಿಣುಗುವುದು ಕಾಣುತ್ತದೆ. ಟಿವಿ ರಿಮೋಟ್ ಕೆಟ್ಟಿದೆಯಾ ಅಂತ ನಮ್ಮೂರ ಮಕ್ಕಳೂ ಹೀಗೇ ನೋಡುತ್ತವೆ. ಕರೆಂಟು ತೆಗೆದೇ ಏಣಿ ಹತ್ತಿಸಿ, ಇಳಿದ ಮೇಲೆ ಕರೆಂಟು ಕೊಡಿ. ಆದರೆ ಹೀಗೆಲ್ಲ ಮಾಡಿದರೆ ಹುಡುಗನ ಕಣ್ಣು ಉಳಿಯುತ್ತದೆ, ಟೈಮು ಉಳಿಯುವುದಿಲ್ಲ. ತಮ್ಮ ಕಷ್ಟ ನನಗೆ ಅರ್ಥವಾಗುತ್ತದೆ.

ಬಿಳಿ ಬೆಳಕಿನ ದೀಪವಾದರೆ ಈ ಕಷ್ಟ ಇಲ್ಲ, ಎಲ್ಲರಿಗೂ ಕಾಣುತ್ತದೆ. ಎದುರಿಗೆ ಬರುವ ಟಿವಿಎಸ್ ಸವಾರನಿಗಂತೂ ಸ್ವಲ್ಪ ಹೊತ್ತು ಅದೊಂದೇ ಕಾಣುತ್ತದೆ. ಪುಸ್ತಕದಲ್ಲಿ ದೀಪವನ್ನು ಪ್ಲೇಟಿನ ಮಟ್ಟಕ್ಕೆ ಬಗ್ಗಿಸಿ ಕೂರಿಸಲು ಕೋನ ಕೊಟ್ಟಿದ್ದಾರೆ, ತಾವು ಡ್ರೈವರನ ಮುಖಕ್ಕೆ ಕೊಟ್ಟಿರಿ. ಇನ್ನೊಂದು ಮಾತು. ಸೆಕೆಂಡಿಗೆ 3ರಿಂದ 30 ಸಲದ ಆಜುಬಾಜಿನಲ್ಲಿ ಬೆಳಕು ಪಟಪಟ ಹೊಡೆದರೆ ಮೂರ್ಛೆರೋಗ ಇರುವ ಕೆಲವರಿಗೆ ಅಲ್ಲೇ ಫಿಟ್ಸ್ ಬರಬಹುದು. ಅದಕ್ಕೇ ಒಂದು ಗಾಡಿಗೆ ಒಂದೇ ಮಿಂಚು ಕೊಡಬೇಕು, ಇಲ್ಲವೇ ಕಣ್ಣಿಗೆ ಮಿಣುಕು ತಿಳಿಯದಷ್ಟು ವೇಗವಾಗಿ ಹೊಡೆಸಬೇಕು. ತಾವು ಆ ವೇಗದ ಗುಂಡಿಯನ್ನು ಕಂಪನಿ ಕಳಿಸಿದ ಜಾಗದಲ್ಲೇ ಬಿಟ್ಟಿದ್ದೀರೋ, ತಿರುಗಿಸಿ ನೋಡಿದ್ದೀರೋ, ಆ ದೇವರಿಗೇ ಗೊತ್ತು.

ಇದೇ ತಾಲ್ಲೂಕಿನಲ್ಲಿ ಮಿಂಚುದೀಪದ ಕೆಲಸ ನೆಟ್ಟಗೆ ನಡೆದದ್ದೂ ಉಂಟು ಅಂತ ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ. ಬುಕ್ಕಾಪಟ್ಟಣದ ಕುರುಚಲು ಕಾಡಿನಲ್ಲಿ ವನ್ಯಜೀವಿ ಸಂಶೋಧಕರು ಕ್ಯಾಮೆರಾ ಕಟ್ಟಿ ಚಿಂಕಾರ ಎಂಬ ಹುಲ್ಲೆಯ ಫೋಟೋ ಹಿಡಿದರು. 2019ರಲ್ಲಿ ಅದು ಚಿಂಕಾರ ವನ್ಯಜೀವಿಧಾಮವೇ ಆಯಿತು. ಕಾಡಿನವರು ಬಿಳಿ ಫ್ಲಾಶೋ ಇನ್‌ಫ್ರಾರೆಡ್ಡೋ ಅಂತ ಮೊದಲು ಕೂತು ಯೋಚಿಸುತ್ತಾರೆ. ಚಿರತೆಯ ಚುಕ್ಕೆ ಗುರುತಿಸಬೇಕಾದರೆ ಬಿಳಿ ಬೆಳಕು ಬೇಕು, ಪ್ರಾಣಿ ಬೆದರಬಾರದು ಅಂದರೆ ಇನ್‌ಫ್ರಾರೆಡ್ ಬೇಕು. ಆಮೇಲೆ ಎಷ್ಟು ಎತ್ತರ, ಎಷ್ಟು ದೂರ ಅಂತ ಅಳೆದು ಕಟ್ಟುತ್ತಾರೆ. ಚಿಂಕಾರ ವೋಟು ಹಾಕುವುದಿಲ್ಲ, ತೆರಿಗೆ ಕಟ್ಟುವುದಿಲ್ಲ. ಅದಕ್ಕೆ ಸಿಕ್ಕ ಮರ್ಯಾದೆ ಹೆದ್ದಾರಿಯ ಸವಾರನಿಗೂ ಸಿಗಬೇಕು ಅನ್ನುವುದು ನನ್ನ ದುರಾಸೆಯೇ ಇರಬಹುದು.

ಈಗ ವೈರಿಂಗಿಗೆ ಬರೋಣ. ಇದು ನನ್ನ ಕಸುಬು, ಸ್ವಲ್ಪ ಜಾಸ್ತಿ ಮಾತಾಡುತ್ತೇನೆ.

ಗಂಟೆಗೆ 100 ಕಿಲೋಮೀಟರ್ ವೇಗದ ಕಾರು ಒಂದು ಮಿಲಿಸೆಕೆಂಡಿನಲ್ಲಿ 28 ಮಿಲಿಮೀಟರ್ ಮುಂದೆ ಹೋಗಿರುತ್ತದೆ. ಅಷ್ಟರಲ್ಲಿ ಅಕ್ಷರ ಕಲಸಿಹೋಗುತ್ತದೆ ಅಂತಲೇ ದೀಪವನ್ನು ಮಿಲಿಸೆಕೆಂಡಿಗಿಂತಲೂ ಕಮ್ಮಿ ಹೊತ್ತು ಹೊತ್ತಿಸುವುದು. ಆ ಚೂರು ಹೊತ್ತಿನಲ್ಲಿ ಅದು ಸಾಮಾನ್ಯಕ್ಕಿಂತ ಎಷ್ಟೋ ಪಟ್ಟು ಕರೆಂಟು ಎಳೆದುಕೊಂಡು, ಮಿಕ್ಕ ಹೊತ್ತು ತಣ್ಣಗಿರುತ್ತದೆ. ಪೆಟ್ಟಿಗೆ ಮೇಲೆ ಬರೆದ ವ್ಯಾಟು ಸರಾಸರಿ ಲೆಕ್ಕದ್ದು, ವೈರು ಮಾತ್ರ ಆ ಏಟನ್ನು ತಡೆಯುವಂಥದ್ದಾಗಿರಬೇಕು. ತಾವು 24 ವೋಲ್ಟಿನ ದೀಪಕ್ಕೆ 100 ಮೀಟರ್ ದೂರದಿಂದ ಒಂದೂವರೆ ಸ್ಕ್ವೇರ್ ಎಂಎಂ ವೈರು ಎಳೆದಿದ್ದೀರಿ. ಹೋಗಿಬರುವ ಎರಡೂ ತಂತಿ ಸೇರಿ ಸುಮಾರು 2.4 ಓಮ್. 2 ಆಂಪಿಯರ್ ಹರಿದರೆ ದೀಪದ ಬಾಯಿಗೆ 19 ವೋಲ್ಟು, 5 ಆಂಪಿಯರ್ ಎಳೆದರೆ 12 ವೋಲ್ಟು ಮಾತ್ರ ಸಿಗುತ್ತದೆ. ಅರ್ಧ ವೋಲ್ಟೇಜು ವೈರು ಬಿಸಿ ಮಾಡುವುದಕ್ಕೇ ಖರ್ಚು. ಆಮೇಲೆ ದೀಪ ಡಲ್ಲು, ಮಾಲು ಡೂಪ್ಲಿಕೇಟು ಅಂತ ಕಂಪನಿಗೆ ಬೈಯುತ್ತೀರಿ.

ಕ್ಯಾಮೆರಾದಿಂದ ದೀಪಕ್ಕೆ ‘ಈಗ ಹೊಡಿ’ ಅಂತ ಸನ್ನೆ ಹೇಳುವ ಸಣ್ಣ ವೈರು ಒಂದಿರುತ್ತದೆ. ಅದರ ಪ್ಲಸ್ಸು ಮೈನಸ್ಸು ತಿರುಗಿದರೆ ದೀಪ ಮಿಂಚದೆಯೇ ಇರಬಹುದು, ಸೆಟಿಂಗು ಉಲ್ಟಾ ಇದ್ದರೆ ಕ್ಯಾಮೆರಾ ಕಣ್ಣು ಮುಚ್ಚಿದ ಮೇಲೆ ಮಿಂಚುತ್ತದೆ. ಕ್ಯಾಮೆರಾಗೆ ಬರೀ ಕತ್ತಲೆಯ ಫೋಟೋ. ಇದಕ್ಕಿಂತ ಸೊಗಸಾದದ್ದು ತಾವು ದೀಪವನ್ನು ಕ್ಯಾಮೆರಾ ಕಂಬದ ಬದಲು ರಸ್ತೆ ಆಚೆಯ ಕಂಬಕ್ಕೆ ಕಟ್ಟಿದ್ದು. ‘ವೈರು ಸಾಲ್ಲಿಲ್ಲ’ ಅಂದರಂತೆ ತಮ್ಮ ಕಡೆಯವರು. 2023ರ ನವೆಂಬರ್ 17 ಅಂತ ಶುರುವಾಗಿ ಗಡುವು ಮುಂದೆ ಮುಂದೆ ಹೋಗುತ್ತಾ ನಾವೆಲ್ಲ ಹಾಕಿಸಿಕೊಂಡೆವಲ್ಲ ಎಚ್‌ಎಸ್‌ಆರ್‌ಪಿ ಪ್ಲೇಟು, ಅದರ ಹಾಳೆಯ ಗುಣವೇ ಬೆಳಕು ಎಲ್ಲಿಂದ ಬಂತೋ ಅಲ್ಲಿಗೇ ವಾಪಸು ಕಳಿಸುವುದು. ದೀಪ ಕ್ಯಾಮೆರಾದ ಮಗ್ಗುಲಲ್ಲೇ ಇದ್ದರೆ ಪ್ಲೇಟು ಧಗಧಗ ಕಾಣುತ್ತದೆ. ಆಚೆ ಕಂಬದಲ್ಲಿದ್ದರೆ ಬೆಳಕೆಲ್ಲ ಆಚೆ ಕಂಬಕ್ಕೇ ಹೋಗುತ್ತದೆ. ಆ ಕಂಬಕ್ಕೆ ನಂಬರ್ ಓದಲು ಬರುವುದಿಲ್ಲ.

ಅರ್ಥಿಂಗ್ ವಿಚಾರದಲ್ಲಿ ತಮ್ಮ ಮೇಸ್ತ್ರಿ ಹೇಳಿದ ಮಾತನ್ನು ಚೌಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಬೇಕು ಅಂದುಕೊಂಡಿದ್ದೇನೆ: ‘ಕಂಬಾನೇ ನೆಲದಾಗೆ ಹೂತೈತಲ್ಲಾ ಸಾರ್, ಇನ್ನೇನ್ ಅರ್ಥಿಂಗು?’ ಕಂಬ ಹೂತಿರುವುದು ಒಣ ಕಾಂಕ್ರೀಟಿನಲ್ಲಿ, ಕಾಂಕ್ರೀಟು ಕೂತಿರುವುದು ಕಲ್ಲುಬಂಡೆಯ ಮೇಲೆ, ಬಂಡೆ ಇರುವುದು ಮಳೆಗೆ ಬಾಯಿ ಬಿಡುವ ಬಯಲುಸೀಮೆಯಲ್ಲಿ. ಲೆಕ್ಕಕ್ಕೆ ಭೂಮಿಯ ತಡೆ 100 ಓಮ್ ಅಂತ ಹಿಡಿಯಿರಿ. ಇನ್ಸುಲೇಷನ್ ಸವೆದು ಕ್ಯಾಮೆರಾ ಕಂಬಕ್ಕೆ ಬರುವ 230 ವೋಲ್ಟಿನ ಲೈನಿನ ಫೇಸು ಕಂಬಕ್ಕೆ ತಾಗಿದರೆ ಹರಿಯುವುದು ಬರೀ 2.3 ಆಂಪಿಯರ್. ತಾವು ಹಾಕಿದ 6 ಆಂಪಿಯರಿನ ಎಂಸಿಬಿಗೆ ಅದೊಂದು ಲೋಡೇ ಅಲ್ಲ, ಅದು ಬೀಳುವುದೇ ಇಲ್ಲ. ಕಂಬ 230 ವೋಲ್ಟು ಹೊತ್ತುಕೊಂಡು, ದನ ಮೈ ಉಜ್ಜುವುದನ್ನೋ ಮಗು ತಬ್ಬಿಕೊಳ್ಳುವುದನ್ನೋ ಕಾಯುತ್ತಾ ನಿಂತಿರುತ್ತದೆ. ಇದಕ್ಕೆ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇಕು, ಅದು ಬೀಳಲು ಅಷ್ಟು ಸೋರಿಕೆ ಸಾಕು. ಜೊತೆಗೆ ಐಎಸ್ 3043ರಲ್ಲಿ ಹೇಳಿದಂತೆ ಗುಂಡಿ ತೋಡಿ, ಪೈಪು ಇಳಿಸಿ, ಇದ್ದಿಲು ಉಪ್ಪು ತುಂಬಿ, ಕಂಬದಿಂದ ಪಟ್ಟಿ ಎಳೆದು ಬೋಲ್ಟು ಬಿಗಿದು, ಬೇಸಿಗೆಯಲ್ಲಿ ಆಗಾಗ ನೀರು ಹಾಕಬೇಕು. ನೀರಾ ಅಂತ ನಗುತ್ತೀರಿ. ನಗು ನಮಗೂ ಬರುತ್ತದೆ. ಸಾವಿರ ಅಡಿ ಕೊರೆದರೂ ಫ್ಲೋರೈಡ್ ನೀರು ಬರುವ ಸೀಮೆಯಲ್ಲಿ ಕಂಬಕ್ಕೆ ಬಿಂದಿಗೆ ಹಿಡಿಯುವವರು ಯಾರು? ಆದರೂ ಹಿಡಿಯಲೇಬೇಕು. 2023ರ ನವೆಂಬರ್‌ನಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್ ಹತ್ತಿರ ಫುಟ್‌ಪಾತಿನ ಮೇಲೆ ತುಂಡಾಗಿ ಬಿದ್ದಿದ್ದ ತಂತಿ ತುಳಿದು ತಾಯಿ ಮಗು ಇಬ್ಬರೂ ಸುಟ್ಟುಹೋದರು. ಅಲ್ಲಿ ಮಾಡಿದಂತೆ ಸುದ್ದಿ ಮಾಡಲು ಟಿವಿಯವರು ನಮ್ಮ ಕಡೆಗೆ ಬರುವುದಿಲ್ಲ.

ಜಾಯಿಂಟುಗಳ ಬಗ್ಗೆ ಏನು ಬರೆಯಲಿ? ದೀಪದ ಮೈ ಮೇಲೆ ಐಪಿ 67 ಅಂತ ಅಚ್ಚು ಹಾಕಿದೆ. ಅಂದರೆ ನೀರಲ್ಲಿ ಮುಳುಗಿದರೂ ಸ್ವಲ್ಪ ಹೊತ್ತು ತಡೆಯುತ್ತದೆ. ಅದರ ಬಾಲಕ್ಕೆ ತಾವು ವೈರು ತಿರುಚಿ, ಟೇಪು ಸುತ್ತಿ, ಮೇಲೆ ಹಾಲಿನ ಕವರು ಕಟ್ಟಿದ್ದೀರಿ. ಕೇಬಲನ್ನು ಗ್ಲ್ಯಾಂಡಿನ ಮೂಲಕ ಡಬ್ಬಿಯ ಕೆಳಗಿನಿಂದ ಒಳಗೆ ಬಿಡಬೇಕು. ಒಳಗೆ ಹೋಗುವ ಮುನ್ನ ಕೆಳಕ್ಕೊಂದು ಬಾಗು ಕೊಟ್ಟರೆ ಮಳೆನೀರು ಅಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಮೇಲಿಂದ ಬಿಟ್ಟರೆ ನೀರು ವೈರು ಹಿಡಿದುಕೊಂಡು ಸೀದಾ ಒಳಗೇ ಇಳಿಯುತ್ತದೆ. ರಿಪೇರಿಗೆ ಬಂದಾಗಲೂ ಸ್ವಿಚ್ ತೆಗೆದ ಕೂಡಲೇ ಡಬ್ಬಿ ಬಿಚ್ಚಬಾರದು. ಒಳಗಿನ ಕೆಪಾಸಿಟರು ಕರೆಂಟು ಹೋದ ಮೇಲೂ ಚಾರ್ಜು ಹಿಡಿದುಕೊಂಡಿರುತ್ತದೆ, ಕ್ಸೆನಾನ್ ಫ್ಲಾಶಿನ ಜಾತಿಯದಾದರೆ ನೂರಾರು ವೋಲ್ಟು. ಎಷ್ಟು ಹೊತ್ತು ಕಾಯಬೇಕು ಅಂತ ಮುಚ್ಚಳದ ಮೇಲೆ ಬರೆದಿರುತ್ತಾರೆ. ಆ ಬರಹದ ಮೇಲೆಯೇ ತಮ್ಮವರು ಟೆಂಡರ್ ನಂಬರಿನ ಸ್ಟಿಕರ್ ಅಂಟಿಸಿದ್ದಾರೆ.

ಕರೆಂಟು ಕೆಲಸ ಪರವಾನಗಿ ಇದ್ದವರೇ ಮಾಡಬೇಕು ಅನ್ನುವ ನಿಯಮವೂ ಇದೆ. ತಾವು ಅದನ್ನು ಚಾಚೂ ತಪ್ಪದೆ ಪಾಲಿಸುತ್ತೀರಿ. ಕಾಗದದ ಮೇಲೆ ಕೆಲಸ ಮಾಡಿದವನು ಪರವಾನಗಿ ಇರುವವನು, ಕಂಬದ ಮೇಲೆ ಮಾಡಿದವನು ಅವನ ಅಕ್ಕನ ಮಗ.

ನಮ್ಮದೇ ಜಿಲ್ಲೆಯ ಪಾವಗಡದ ತಿರುಮಣಿ ಸುತ್ತಮುತ್ತ 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ರೈತರು ಜಮೀನು ಗುತ್ತಿಗೆಗೆ ಕೊಟ್ಟು ಹಲಗೆಗಳಡಿ ನೆಲ ಬಿಟ್ಟಿದ್ದಾರೆ. ಸೂರ್ಯ ಮುಳುಗಿದ ಮೇಲೆ ಆ ಹಲಗೆಗಳಿಗೆ ರಜ, ತಮ್ಮ ದೀಪಕ್ಕೆ ಡ್ಯೂಟಿ. ನಮ್ಮ ತೋಟಕ್ಕೆ ತ್ರೀ ಫೇಸು ಏಳು ಗಂಟೆ ಅಂತಾರೆ, ಅದೂ ಯಾವಾಗ ಬಂದು ಯಾವಾಗ ಹೋಗುತ್ತದೋ. ತಮ್ಮ ಕಂಬಕ್ಕೆ ಬ್ಯಾಟರಿ ಬೇರೆ ಇಟ್ಟು ಇಪ್ಪತ್ತನಾಲ್ಕು ಗಂಟೆ ಸಪ್ಲೈ. ಹೊಟ್ಟೆಕಿಚ್ಚಿಲ್ಲ. ಆದರೆ ಅಷ್ಟು ದೂರ ಕೇಬಲ್ ಎಳೆದಿದ್ದೀರಿ, ಗುಂಡಿ ತೋಡಿದ್ದೀರಿ, ಕಂಬ ನಿಲ್ಲಿಸಿದ್ದೀರಿ. ಅದೇ ಕಂಬದ ನಡುವಿಗೆ ಮನುಷ್ಯರ ಕಣ್ಣಿಗೆ ಕಾಣುವ ಒಂದು ಇಪ್ಪತ್ತು ವ್ಯಾಟಿನ ಬಲ್ಬು ಹಾಕಿದ್ದರೆ ರಾತ್ರಿ ಬಸ್ಸಿಳಿದು ರಸ್ತೆ ದಾಟುವ ಹೆಂಗಸರಿಗೆ ದಾರಿ ಕಾಣುತ್ತಿತ್ತು. ಎಸ್ಟಿಮೇಟಿನಲ್ಲಿ ಇಲ್ಲ ಅಂದಿರಂತೆ. ಸರಿ. ನಾವು ಕತ್ತಲಲ್ಲಿ ನಡೆಯುವುದು ಎಸ್ಟಿಮೇಟಿನಲ್ಲಿ ಇರಲಿಲ್ಲ.

ಇಷ್ಟೆಲ್ಲ ಸರ್ಕಸ್ಸು ಮಾಡಿ ಹಿಡಿದ ದಂಡಕ್ಕೆ 2023ರ ಫೆಬ್ರವರಿಯಲ್ಲಿ ಸರ್ಕಾರವೇ ಶೇ. 50 ರಿಯಾಯಿತಿ ಕೊಟ್ಟು ಕಟ್ಟಿಸಿಕೊಂಡಿತು, ಜನ ಬಟ್ಟೆ ಅಂಗಡಿಯ ಆಷಾಢ ಸೇಲಿಗೆ ಬಿದ್ದ ಹಾಗೆ ಬಿದ್ದರು. ಕರೆಂಟು ಹಾಗಲ್ಲ ಸ್ವಾಮಿ, ಅದು ಪೂರ್ತಿಯೇ ವಸೂಲಿ ಮಾಡುತ್ತದೆ.

ಮುಂದಿನ ಕಂಬ ನಿಲ್ಲಿಸುವ ಮುಂಚೆ ಒಂದು ಸಲ ನನ್ನ ಅಂಗಡಿ ಕಡೆ ಬನ್ನಿ. ಮೆಗ್ಗರ್ ನನ್ನ ಹತ್ತಿರವೇ ಇದೆ, ಇನ್ಸುಲೇಷನ್ ನೋಡಿಬಿಡೋಣ. ಅರ್ಥ್ ಟೆಸ್ಟರ್ ಶಿರಾದಿಂದ ಬಾಡಿಗೆಗೆ ತರಿಸೋಣ. ಬಾಡಿಗೆ ನಾನೇ ಕೊಡುತ್ತೇನೆ. ತಾವು ಅದನ್ನು ಹೋದ ಬಿಲ್ಲಿನಲ್ಲೇ ಬರೆದುಕೊಂಡಿದ್ದೀರಿ.

ಇತಿ ತಮ್ಮ ವಿಶ್ವಾಸಿ,
ಮೋಟಾರ್ ವೈಂಡಿಂಗ್‌ನವನು,
ಗೌಡಗೆರೆ