ಹಾಳು ವಾಡೆಯಲ್ಲೊಂದು ಕೊಲೆ: ಕಾದಂಬರಿಕಾರರಿಗೆ ಬಳಕೆಯ ಸೂಚನೆಗಳು

ಪೆಟ್ಟಿಗೆ ಬಿಚ್ಚಿದ ಕೂಡಲೇ ಸಾಮಾನು ಎಣಿಸಿಕೊಳ್ಳಿ: ಪಾಳೆಗಾರರ ಕಾಲದ ವಾಡೆ ಒಂದು, ಮದುವೆಯಾಗದ ಮಗಳು ಒಬ್ಬಳು, ಹೆಣ ಒಂದು. ಮಂಜು, ಅಗ್ಗಿಷ್ಟಿಕೆ, ಕೋಟು ತೊಟ್ಟ ಬಟ್ಲರ್ ಸಿಕ್ಕರೆ ಯಾರದೋ ಪಾರ್ಸಲ್ಲು ನಿಮಗೆ ಬಂದಿದೆ, ವಾಪಸು ಕಳಿಸಿ. ಕೂಡ್ಲಿಗಿ ಸೀಮೆಯಲ್ಲಿ ಮಂಜು ನಂಬಿ ಕೊಲೆ ಮಾಡಿದವನು ಹೊತ್ತು ಮಾರುದ್ದ ಏರುವುದರೊಳಗೆ ಸಿಕ್ಕಿಬೀಳುತ್ತಾನೆ.

ಕಾಲ 1800ರ ಈಚೆಗಿರಲಿ. ಆ ವರ್ಷ ನಿಜಾಮ ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟ, ಥಾಮಸ್ ಮನ್ರೋ ಕಲೆಕ್ಟರಾಗಿ ಬಂದ, ಪಾಳೆಗಾರರ ಕತ್ತಿಗೆ ತುಕ್ಕು ಹತ್ತಿತು. ಇನ್ನೂ ಹಿಂದೆ ಹೋದರೆ ಗುಟ್ಟಿನ ಕೊಲೆಗೆ ಬೆಲೆಯಿಲ್ಲ. 1748ರಲ್ಲಿ ಹರಪನಹಳ್ಳಿಯವರೊಂದಿಗಿನ ಮಾಯಕೊಂಡದ ಕಾಳಗದಲ್ಲಿ ಚಿತ್ರದುರ್ಗದ ಹಿರೇ ಮದಕರಿ ನಾಯಕ ಬಿದ್ದದ್ದು ದಂಡಿಗೆ ದಂಡೇ ಇದ್ದಾಗ. ಅಲ್ಲಿ ಪತ್ತೇದಾರನಿಗೇನು ಕೆಲಸ?

ಎಚ್ಚರಿಕೆ: ಕೊಟ್ಟೂರಿನ ಕುಂ. ವೀರಭದ್ರಪ್ಪನವರು ಇದೇ ಮನ್ರೋ ಕಾಲವನ್ನು ‘ಅರಮನೆ’ಗೆ ಬಳಸಿ, 2007ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯನ್ನೂ ಪಡೆದಾಗಿದೆ. ನಿಮಗೆ ಉಳಿದಿರುವುದು ಹಿತ್ತಲು ಮಾತ್ರ.

ನಾಯಕಿ ಹಡಗಲಿ ಮಲ್ಲಿಗೆ ಮುಡಿಯಲಿ. ಆದರೆ ಹಗರಿಬೊಮ್ಮನಹಳ್ಳಿ ಕಡೆಯ ಹಿನ್ನೀರಿನ ದಂಡೆಯಲ್ಲಿ ಪ್ರೇಮಿಗಳನ್ನು ಕೂರಿಸಬೇಡಿ; ತುಂಗಭದ್ರಾ ಅಣೆಕಟ್ಟೆ 1953ರದ್ದು, ಅಷ್ಟು ಹೊತ್ತು ಯಾವ ಪ್ರೇಮವೂ ಕಾಯದು. ಜಿಲ್ಲೆಯ ಹೆಸರನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ. ಹರಪನಹಳ್ಳಿ 1997ರಲ್ಲಿ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಹೋಗಿದೆ.

ವಾಡೆ ಹಾಳಾಗಲು ಸಿಡಿಲು ಬೇಡ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಚೌಳುಮಣ್ಣು ಹೊರಿಸುವುದನ್ನು ನಾಲ್ಕು ವರ್ಷ ನಿಲ್ಲಿಸಿ. ಕೂಲಿ ಕೊಡಲು ಗೌಡರ ಕೈಲಾಗುತ್ತಿಲ್ಲ ಎಂಬ ಸುದ್ದಿ ತೊಲೆಯಿಂದ ತೊಟ್ಟಿಕ್ಕುತ್ತದೆ.

ಇನ್ನು ಕೊಲೆ. ಕತ್ತಿ, ವಿಷ ಎರಡೂ ದಂಡ. ಅಂಗಳದಲ್ಲೇ ಹಗೇವು ಇದೆ. ನೆಲದಡಿ ಮುಚ್ಚಿಟ್ಟ ಜೋಳ ತಿಂಗಳುಗಟ್ಟಲೆ ಉಸಿರಾಡಿ, ಒಳಗಿನ ಗಾಳಿಯನ್ನೆಲ್ಲ ಕೆಡಿಸಿರುತ್ತದೆ. ಬಾಯಿ ತೆಗೆದು ಝಳ ಹೋಗಲು ಬಿಟ್ಟು, ಹಗ್ಗಕ್ಕೆ ಕಟ್ಟಿದ ದೀಪ ಇಳಿಸಿ, ಅದು ಆರದಿದ್ದರೆ ಮಾತ್ರ ಆಳು ಇಳಿಯುವುದು ವಾಡಿಕೆ. ಇಳಿಯುವವನು ಯಾವಾಗಲೂ ಆಳು, ‘ಇಳಿಯೋ’ ಅನ್ನುವವರು ಯಾವಾಗಲೂ ಗೌಡರು. ಆದ್ದರಿಂದ ಪ್ರೇಮಿ ಆಳೇ ಆಗಿರಲಿ. ಕವಿಯನ್ನೋ ಚಿತ್ರಕಾರನನ್ನೋ ಪ್ರೇಮಿಯಾಗಿಸಿದರೆ ಹಗೇವಿಗೆ ಇಳಿಸಲು ಕಾರಣ ಹುಡುಕುವುದರಲ್ಲೇ ಎರಡು ಅಧ್ಯಾಯ ಮುಗಿಯುತ್ತದೆ.

ದಿನ: ಊರೆಲ್ಲ ಕೊಟ್ಟೂರೇಶ್ವರನ ತೇರಿಗೆ ನಡೆದುಹೋದ ದಿನ. ಹೊಸ ಜೋಳಕ್ಕೆ ಜಾಗವಾಗಬೇಕು, ಹಳೆಯದನ್ನು ತೆಗೆಯೋ ಎಂದರೆ ಯಾರಿಗೂ ಅನುಮಾನ ಬರದು. ತೇರು ನೋಡಿ ಬಂದವರು ‘ಅವಸರದ ಹುಡುಗ, ದೀಪ ಬಿಡದೆ ಇಳಿದ’ ಎನ್ನುತ್ತಾರೆ.

ಪತ್ತೇದಾರಿಕೆಯನ್ನು ಮಗಳಿಗೇ ಬಿಡಿ. ಅವಳು ಹೆಣದ ಬಳಿ ಅಳುತ್ತ ಕೂರದೆ, ಮೂಲೆಯಲ್ಲಿ ಸುತ್ತಿಟ್ಟ ಹಗ್ಗದ ತುದಿಯ ದೀಪವನ್ನು ಎತ್ತಿ ನೋಡಲಿ. ಬತ್ತಿಯ ಮೂತಿ ಕಪ್ಪಾಗಿದೆ, ಎಣ್ಣೆ ತುಂಬಿದ್ದು ತುಂಬಿದ ಹಾಗೇ ಇದೆ.