ಗೊಂಡೆ ಮೊದಲೋ, ಎತ್ತು ಮೊದಲೋ? (ಅನಗವಾಡಿಯ ಗಾಜು-ಮೀಮಾಂಸೆ)

ಗಾಜಿನ ಹಿಂಬದಿಗೆ ಬರೆದು ಮುಂಬದಿಯಿಂದ ನೋಡುವ ಚಿತ್ರದಲ್ಲಿ ಸೃಷ್ಟಿಕ್ರಮವೇ ತಲೆಕೆಳಗು. ಈ ವಿದ್ಯೆ 18ನೆಯ ಶತಮಾನದಲ್ಲಿ ಚೀನಾದ ಕ್ಯಾಂಟನ್‌ನಿಂದ ಹಡಗು ಹತ್ತಿ ನಮ್ಮ ಪಶ್ಚಿಮ ಕರಾವಳಿಗೆ ಇಳಿಯಿತು, ಮೈಸೂರು, ತಂಜಾವೂರುಗಳಲ್ಲೂ ನೆಲೆಯಾಯಿತು. 1909ರ ಸುಮಾರಿಗೆ ಜರ್ಮನಿಯ ಮುರ್ನೌ ಊರಲ್ಲಿ ಮ್ಯೂಂಟರ್, ಕಾಂಡಿನ್‌ಸ್ಕಿಯಂಥ ಘಟಾನುಘಟಿ ಕಲಾವಿದರೂ ಇದಕ್ಕೆ ಮರುಳಾದರು. ಬೀಳಗಿ ತಾಲೂಕಿನ ಅನಗವಾಡಿಗೆ ಬಂದದ್ದು ಮಾತ್ರ ದೇವರ ಫೋಟೋದ ಹಳೇ ಫ್ರೇಮಿನ ಮೂಲಕವೆಂದು ಪ್ರಬಂಧಕಾರನ ಮತ. ವಿರೋಧಿಸುವವರು ಯಾರೂ ಸಿಗದ್ದರಿಂದ ಅದೇ ಸಿದ್ಧಾಂತ.

ಪೂರ್ವಪಕ್ಷವನ್ನು, ಗಾಜಿನ ಮೇಲೆ ಎತ್ತು ಬರೆಯಲು ಕೂತಿದ್ದ ಮೂರನೇ ಇಯತ್ತೆಯ ಹುಡುಗನೊಬ್ಬ ಎತ್ತಿದ: "ಸರ್ರ, ಎತ್ತ ಇಲ್ದ ಗೊಂಡೆ ಹ್ಯಾಂಗ ನಿಂದರತೈತ್ರಿ?"

ಉತ್ತರಪಕ್ಷ: "ನಿಂದರತೈತಿ, ನೀ ಬರಿ."

ಕಾರಹುಣ್ಣಿಮೆಯ ಎತ್ತು ಬರೆಯುವ ವಿಧಿ ಹೀಗೆ. ಮೊದಲು ಕೋಡಿನ ಗೊಂಡೆ ಮತ್ತು ಕಣ್ಣೊಳಗಿನ ಬಿಳಿ ಚುಕ್ಕೆ. ಅವು ಒಣಗಿದ ಮೇಲೆ ಕರಿ ಗುಡ್ಡೆ. ಜೂಲದ ಮೇಲಿನ ಚಿತ್ತಾರ ಮುಗಿದರೆ ಜೂಲ, ಅದರ ಹಿಂದೆ ಎತ್ತು, ಎಲ್ಲ ಆದಮೇಲೆ ಆಕಾಶ. ಪೋಸ್ಟರ್ ಬಣ್ಣ ಗಾಜಿನ ಮೇಲೆ ಹನಿಹನಿಯಾಗಿ ಜಾರುತ್ತದೆ. ಒಂದಿಷ್ಟು ಫೆವಿಕಾಲ್ ಕಲಸಿದರೆ ಕೂತುಕೊಳ್ಳುತ್ತದೆ. ಚುಕ್ಕೆ ಒಣಗುವ ಮುಂಚೆ ಗುಡ್ಡೆ ಬಳಿದರೆ ಎತ್ತಿಗೆ ಕಣ್ಣುಬೇನೆ ನಿಶ್ಚಿತ. ಬರೆಯಲು ಕೂತ ದೊಡ್ಡವರ ಎತ್ತುಗಳಿಗೆಲ್ಲ ಕಣ್ಣುಬೇನೆಯೇ. ತಪ್ಪನ್ನು ಮುಚ್ಚಲು ಮೇಲೊಂದು ಪದರ ಬಳಿಯುವುದು ಅವರ ರೂಢಿ. ಇಲ್ಲಿ ಮೊದಲ ಪದರವೇ ಮುಂದೆ ಕಾಣುವುದರಿಂದ ಮುಚ್ಚಲು ಜಾಗವಿಲ್ಲ.

ಸಹಿಯ ವಿಚಾರ ಇನ್ನೂ ಗಹನ. ಅದನ್ನು ಎಲ್ಲಕ್ಕಿಂತ ಮೊದಲು, ಅದೂ ಉಲ್ಟಾ ಹಾಕಬೇಕು. ಹಿನ್ನೆಲೆ ಕೊನೆಗೆ.

ಇದೇ ಸೂತ್ರದಂತೆ ರಚಿತವಾದ ಬೃಹತ್ ಕೃತಿಯೊಂದು ಊರ ಪಕ್ಕದವರೆಗೂ ಹಬ್ಬಿರುವುದನ್ನು ಕಲಾವಿಮರ್ಶಕರು ಗಮನಿಸಿಲ್ಲ. ಆಲಮಟ್ಟಿ ಅಣೆಕಟ್ಟೆಗೆ ಅಡಿಗಲ್ಲೆಂಬ ಸಹಿ ಬಿದ್ದದ್ದು 1964ರ ಮೇ 22ರಂದು, ಇನ್ನೂ ಪ್ರಧಾನಿಯಾಗಿರದ ಲಾಲ್ ಬಹದ್ದೂರ್ ಶಾಸ್ತ್ರಿಯವರ ಕೈಯಿಂದ. ಹಿನ್ನೀರೆಂಬ ಹಿನ್ನೆಲೆಯ ನೀಲಿ ತುಂಬಲು ದಶಕಗಳೇ ಹಿಡಿದವು. ಅದು ಘಟಪ್ರಭೆಯಗುಂಟ ಹಿಂದಕ್ಕೆ ಹರಡಿತು, ಊರುಗಳು ಮೇಲೆದ್ದು ಪುನರ್ವಸತಿ ಕೇಂದ್ರಗಳಾದವು. ಈಗ ಆ ನೀಲಿಯ ಗರಿಷ್ಠ ಮಟ್ಟ 519.6 ಮೀಟರಿಗೆ ನಿಂತಿದೆ. 524.256 ಮೀಟರಿನ ಕೊನೇ ಪದರ ಇನ್ನೂ ಬಾಕಿ ಇದೆ.